ಫೆಬ್ರವರಿಯಲ್ಲಿ ಹಾಕಿದ ಟೊಮೆಟೊ ಯಾಕೆ ಕಾಯಿ ಕಚ್ಚಲಿಲ್ಲ?

ಪ್ರಶ್ನೆ: ದಾವಣಗೆರೆಯಲ್ಲಿ 30x40 ಸೈಟಿನಲ್ಲಿ ಹೊಸ ಮನೆ ಕಟ್ಟಿದ್ದೇವೆ. ಹಿಂದೆ ಸುಮಾರು 100 ಚದರ ಅಡಿ ಹಿತ್ತಲು ಇದೆ, ಮೇಲೆ ತಾರಸಿ. ಉಪೋಷ್ಣವಲಯದಲ್ಲಿ ಮನೆ ತರಕಾರಿ ಬೆಳೆಯುವುದು ಹೇಗೆ ಅಂತ ನೆಟ್‌ನಲ್ಲಿ ಓದಿ, ಅಲ್ಲಿದ್ದ ಹಾಗೇ ಫೆಬ್ರವರಿ ಕೊನೆಗೆ ಟೊಮೆಟೊ, ಬೀನ್ಸ್, ದೊಡ್ಡಮೆಣಸಿನಕಾಯಿ ಹಾಕಿದೆ. ಗಿಡ ಚೆನ್ನಾಗಿ ಬಂದವು. ಏಪ್ರಿಲ್‌ನಲ್ಲಿ ಹೂವೆಲ್ಲ ಉದುರಿದವು, ಎಲೆ ಮುದುಡಿಕೊಂಡವು. ನಮ್ಮತ್ತೆ ‘ರೋಹಿಣಿ ಮಳೆ ಬರೋತನಕ ತಡೀಬೇಕಿತ್ತು’ ಅಂತಾರೆ. ಬೋರ್ ನೀರು ಗಡುಸು, ಕುಂಡದ ಸುತ್ತ ಬೆಳ್ಳಗೆ ಕಟ್ಟುತ್ತದೆ. ಗೊಬ್ಬರ, ಔಷಧಿ ಅಂತ ಪದೇ ಪದೇ ದುಡ್ಡು ಸುರಿಯದೆ, ಟ್ಯಾಂಕರ್ ತರಿಸದೆ ವರ್ಷವಿಡೀ ಮನೆಗೆ ಬೇಕಾದ ತರಕಾರಿ ಬೆಳೆಯಬಹುದಾ? ನನ್ನ ತವರು ಚಳ್ಳಕೆರೆ ಕಡೆ. ಅಮ್ಮನೂ ಇದನ್ನೇ ಕೇಳುತ್ತಿದ್ದಾರೆ. ಅಲ್ಲಿ ಮಂಗಗಳ ಕಾಟ ಬೇರೆ.

ಉತ್ತರ: ನಿಮ್ಮತ್ತೆ ಹೇಳಿದ್ದೇ ಸರಿ. ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ, ಕ್ಯಾಲೆಂಡರ್ ನಮ್ಮದಾಗಿರಲಿಲ್ಲ, ಅಷ್ಟೇ.

ಉಪೋಷ್ಣವಲಯ ಅಂದರೆ ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ, ಅಂದರೆ 23.5 ಡಿಗ್ರಿಗಿಂತ ಮೇಲಿನ ಊರುಗಳು. ದೆಹಲಿ, ಲಖನೌ ಅಂಥವು. ಅಲ್ಲಿ ಡಿಸೆಂಬರ್-ಜನವರಿಯಲ್ಲಿ ಚಳಿ ಗಿಡವನ್ನು ಹಿಡಿದು ನಿಲ್ಲಿಸುತ್ತದೆ, ಫೆಬ್ರವರಿಯಲ್ಲಿ ಬಿಡುತ್ತದೆ. ಹಾಗಾಗಿ ಫೆಬ್ರವರಿ ಕೊನೆಗೆ ಬಿತ್ತಿ ಅಂತ ಬರೆಯುತ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಇರುವುದು 14 ಡಿಗ್ರಿ ಚಿಲ್ಲರೆಯಲ್ಲಿ. ನಮಗೆ ಗಿಡ ಸಾಯಿಸುವ ಚಳಿ ಇಲ್ಲವೇ ಇಲ್ಲ. ನಮ್ಮಲ್ಲಿ ಗಿಡವನ್ನು ಹಿಡಿದು ನಿಲ್ಲಿಸುವುದು ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಬಿಸಿಲು. ಅವರು ತೋಟಕ್ಕೆ ಚಳಿಗಾಲದಲ್ಲಿ ರಜೆ ಕೊಡುತ್ತಾರೆ, ನಾವು ಬೇಸಿಗೆಯಲ್ಲಿ ಕೊಡಬೇಕು. ಇದೊಂದು ತಲೆಗೆ ಹೋದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು.

ಟೊಮೆಟೊ ಲೆಕ್ಕ ನೋಡಿ. ಫೆಬ್ರವರಿ ಕೊನೆಗೆ ಸಸಿ ನೆಟ್ಟರೆ ಹೂ ಬರುವುದು ಏಪ್ರಿಲ್ ಹೊತ್ತಿಗೆ. ಆಗ ಹಗಲು 35 ಡಿಗ್ರಿ ದಾಟಿರುತ್ತದೆ, ರಾತ್ರಿಯೂ 22ರ ಕೆಳಗೆ ಇಳಿಯುವುದು ಕಷ್ಟ. ಆ ಶಾಖಕ್ಕೆ ಹೂವಿನ ಪರಾಗ ಕೆಡುತ್ತದೆ. ಗಿಡ ಹಸಿರಾಗಿ ಸೊಂಪಾಗಿ ಕಾಣುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ. ಬೀನ್ಸಿಗೂ ದೊಡ್ಡಮೆಣಸಿನಕಾಯಿಗೂ ಇದೇ ಕಥೆ. ಇದಕ್ಕೆ ಯಾವ ಟಾನಿಕ್ ಹಾಕಿದರೂ ಪ್ರಯೋಜನವಿಲ್ಲ. ಅಂಗಡಿಯವರು ಕೊಟ್ಟರೆ ಸುಮ್ನೆ ವಾಪಸ್ ಇಟ್ಟು ಬನ್ನಿ.

ಎಲೆ ಮುದುಡಿದ್ದು ಬೇರೆ ವಿಷಯ. ಮುದುಡಿದ ಕುಡಿಯನ್ನು ಮೆಲ್ಲಗೆ ತಿರುಗಿಸಿ ಎಲೆಯ ಅಡಿಭಾಗ ನೋಡಿ. ಗಿಡ ಅಲ್ಲಾಡಿಸಿದ ಕೂಡಲೇ ಹಿಟ್ಟು ಉದುರಿದ ಹಾಗೆ ಬಿಳಿ ಹುಳುಗಳು ಹಾರಿದರೆ ಅದು ಬಿಳಿ ನೊಣ. ಎಲೆ ಮುದುಡು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಅದೇ. ಒಣ ಬಿಸಿಲಲ್ಲಿ ಅದರ ಸಂತಾನ ಜಾಸ್ತಿ. ಕುಡಿ ಎಲೆಗಳು ಸಣ್ಣಗಾಗಿ, ಹಳದಿ ಅಂಚು ಮೇಲಕ್ಕೆ ಮಡಚಿ, ಗಿಡ ಗಿಡ್ಡಗೆ ಪೊದೆಯಾಗಿದ್ದರೆ ಅದನ್ನು ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ. ವೈರಸ್ಸಿಗೆ ಔಷಧಿ ಇಲ್ಲ. ಆದರೆ ಮಧ್ಯಾಹ್ನ ಮಾತ್ರ ಹಳೆ ಎಲೆಗಳು ಸುರುಳಿ ಸುತ್ತಿ, ಸಂಜೆ ಬಿಡಿಸಿಕೊಳ್ಳುತ್ತಿದ್ದರೆ ಅದು ಬರೀ ಬಿಸಿಲಿನ ಪೆಟ್ಟು, ಗಾಬರಿ ಬೇಡ.

ಈಗ ನಮ್ಮ ಕ್ಯಾಲೆಂಡರ್. ಇದು ಮಳೆ ನಕ್ಷತ್ರದ ಲೆಕ್ಕ, ನಿಮ್ಮತ್ತೆಗೆ ಬಾಯಲ್ಲೇ ಇರುತ್ತದೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅಂತಾರಲ್ವಾ, ತರಕಾರಿಗೂ ಅದು ಸಲ್ಲುತ್ತದೆ. ರೋಹಿಣಿ ಹುಟ್ಟುವುದು ಮೇ 25ರ ಆಸುಪಾಸು, ಮೃಗಶಿರ ಜೂನ್ 8ಕ್ಕೆ. ಈ ಎರಡು ಮಳೆಗಳ ಹದದಲ್ಲಿ ಬೆಂಡೆ, ಚವಳಿಕಾಯಿ, ಅಲಸಂದೆ, ಹೀರೆ, ಹಾಗಲ, ಪಡವಲ ನೇರವಾಗಿ ಊರಿ. ಬದನೆ, ಮೆಣಸಿನಕಾಯಿಯ ಒಟ್ಲು ಕೂಡ ಆಗಲೇ ಹಾಕಿಕೊಳ್ಳಿ, ನಾಲ್ಕೈದು ವಾರಕ್ಕೆ ಸಸಿ ಸಿದ್ಧ. ಇವೆಲ್ಲ ಸೆಪ್ಟೆಂಬರ್ ತನಕ ಕೊಡುತ್ತವೆ. ಬದನೆ, ಮೆಣಸಿನಕಾಯಿ ಅದರ ಮೇಲೂ ನಿಲ್ಲುತ್ತವೆ.

ಎರಡನೆಯದು, ನನ್ನ ಪ್ರಕಾರ ನಮ್ಮ ಭಾಗಕ್ಕೆ ಮುಖ್ಯವಾದದ್ದು, ಉತ್ತರೆಯಿಂದ ಚಿತ್ತೆವರೆಗೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಇಪ್ಪತ್ತರ ತನಕ ಅಂತಿಟ್ಟುಕೊಳ್ಳಿ. ನಮ್ಮದು ಘಟ್ಟದ ಮರೆಯ ಊರು. ಜುಲೈಯಲ್ಲಿ ಶಿವಮೊಗ್ಗದಾಚೆ ಸುರಿಯುವ ಮಳೆ ಇಲ್ಲಿ ಬರೀ ಮೋಡ, ಗಾಳಿ, ತುಂತುರು. ಚಿತ್ರದುರ್ಗದ ಕಡೆ ಒಳ್ಳೆ ಮಳೆ ಬರುವುದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆ ತೇವಕ್ಕೆ ಬಿತ್ತಿದ ಬೆಳೆಗೆ ಮುಂದೆ ಮೂರು ತಿಂಗಳು ಹಿತವಾದ ತಂಪು ಸಿಗುತ್ತದೆ. ಟೊಮೆಟೊ, ಬೀನ್ಸ್, ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್, ಎಲೆಕೋಸು, ಹೂಕೋಸು, ಪಾಲಕ್, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಎಲ್ಲ ಆಗಲೇ. ನೀವು ಫೆಬ್ರವರಿಯಲ್ಲಿ ಹಾಕಿದ್ದನ್ನೇ ಅಕ್ಟೋಬರ್ ಮೊದಲ ವಾರ ನೆಡಿ, ಜನವರಿಯಲ್ಲಿ ಓಣಿಗೆ ಹಂಚುವಷ್ಟು ಹಣ್ಣು ಬರುತ್ತದೆ.

ಮೂರನೆಯದು ಬೇಸಿಗೆ. ಅರ್ಧ ಹಿತ್ತಲಿಗೆ ಮಾತ್ರ ಬೆಳೆ. ಪುಂಡಿ, ದಂಟು, ಹರಿವೆ, ಬಸಳೆ, ಒಂದಿಷ್ಟು ಬೆಂಡೆ, ಅಲಸಂದೆ. ಇವು ಬಿಸಿಲಿಗೆ ಹೆದರುವುದಿಲ್ಲ. ಉಳಿದ ಅರ್ಧವನ್ನು ನೀರು ಹಾಯಿಸಿ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ ಏಪ್ರಿಲ್‌ನಿಂದ ನಾಲ್ಕರಿಂದ ಆರು ವಾರ ಬಿಡಿ. ಒಳಗೆ ಮಣ್ಣು ಕುದಿಯುತ್ತದೆ. ಕಳೆ ಬೀಜ, ಗಂಟು ಬೇರಿನ ಜಂತು, ಸೊರಗು ರೋಗದ ಶಿಲೀಂಧ್ರ ಬಹುಪಾಲು ಸಾಯುತ್ತವೆ. ಕರಿ ಹಾಳೆ ಬೇಡ, ಅದು ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ನಮ್ಮನ್ನು ಸುಡುವ ಬಿಸಿಲಿನಿಂದ ಹೀಗೆ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬಹುದು.

ಅಕ್ಷಾಂಶದಿಂದ ಇನ್ನೊಂದು ಫರಕು ಇದೆ. ಅದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಎತ್ತರದ ಗಿಡ ಉತ್ತರಕ್ಕೆ ಹಾಕಿ, ದಕ್ಷಿಣದ ಬಿಸಿಲು ಯಾವಾಗಲೂ ಸಿಗುತ್ತದೆ’ ಅಂತ ನೀವು ಓದಿರುತ್ತೀರಿ. ಉಪೋಷ್ಣವಲಯದಲ್ಲಿ ಅದು ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುವುದೇ ಇಲ್ಲ. ನಮ್ಮಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯಕ್ಕೊಮ್ಮೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ನಡುವಿನ ತಿಂಗಳಲ್ಲಿ ಮಧ್ಯಾಹ್ನ ಉತ್ತರದ ಕಡೆಗಿರುತ್ತಾನೆ. ಅಂದರೆ ಮಳೆಗಾಲದ ಬೆಳೆಗೆ ಕಾಂಪೌಂಡಿನ ಯಾವ ಮಗ್ಗುಲಾದರೂ ನಡೆಯುತ್ತದೆ. ಚಳಿಗಾಲದಲ್ಲಿ ಹಾಗಲ್ಲ. ಡಿಸೆಂಬರ್‌ನಲ್ಲಿ ಐದಡಿ ಗೋಡೆಯ ನೆರಳು ಮಟಮಟ ಮಧ್ಯಾಹ್ನವೂ ಉತ್ತರಕ್ಕೆ ಸುಮಾರು ನಾಲ್ಕಡಿ ಚಾಚಿರುತ್ತದೆ. ಆ ನಾಲ್ಕಡಿಯಲ್ಲಿ ಟೊಮೆಟೊ ನೆಟ್ಟರೆ ಬರೀ ಎಲೆ. ಅಲ್ಲಿ ಕೊತ್ತಂಬರಿ, ಪಾಲಕ್ ಹಾಕಿ. ಇನ್ನು ವರ್ಷವಿಡೀ ತಡೆಯಬೇಕಾದದ್ದು ಪಡುವಣದ ಬಿಸಿಲು. ಎರಡರಿಂದ ಐದು ಗಂಟೆಯ ಬಿಸಿಲು ಗಿಡಕ್ಕೆ ಊಟ ಅಲ್ಲ, ಏಟು. ಪಶ್ಚಿಮದ ಅಂಚಿಗೆ ಒಂದು ನುಗ್ಗೆ, ಎರಡು ತೊಗರಿ ಗಿಡ ಇರಲಿ. ನುಗ್ಗೆಯ ನೆರಳು ಜಾಳು ಜಾಳು, ಕೆಳಗೆ ಸೊಪ್ಪು ಚೆನ್ನಾಗಿ ಬರುತ್ತದೆ.

ಆ ಸಾಲು ಗಾಳಿಗೂ ಆಗುತ್ತದೆ. ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿದ್ದೀರಿ. ಅಷ್ಟೊಂದು ಕಂಬ ಸುಮ್ನೆ ನೆಟ್ಟಿಲ್ಲ. ಆಷಾಢದ ಗಾಳಿ ನೈರುತ್ಯದಿಂದ ಬೀಸಿದರೆ ಮಳೆ ತಂದ ತೇವವನ್ನೆಲ್ಲ ಎರಡು ದಿನದಲ್ಲಿ ಹೀರಿಬಿಡುತ್ತದೆ, ಹೀರೆ ಚಪ್ಪರ ಮಗುಚುತ್ತದೆ. ತಾರಸಿಯಲ್ಲಂತೂ ಕೇಳುವುದೇ ಬೇಡ. ತಗಡು ಕಟ್ಟಿ ಗಾಳಿ ಪೂರ್ತಿ ತಡೆಯಲು ಹೋಗಬೇಡಿ, ಗಾಳಿ ಮೇಲೆ ಹಾರಿ ಆಚೆ ಸುಳಿಯಾಗಿ ಬಿದ್ದು ಗಿಡ ಇನ್ನೂ ಜಾಸ್ತಿ ಮುರಿಯುತ್ತದೆ. ಅರ್ಧ ಗಾಳಿ ಬಿಡುವ 50 ಪರ್ಸೆಂಟ್ ನೆರಳು ಬಲೆ ಅಥವಾ ಗಿಡಗಳ ಬೇಲಿ ಸಾಕು.

ಮಣ್ಣಿನ ವಿಷಯಕ್ಕೆ ಬರೋಣ. ಹೊಸ ಮನೆ ಅಂದಿರಿ. ಹಾಗಿದ್ದರೆ ಬಿತ್ತುವ ಮುಂಚೆ ಹಾರೆ ತಗೊಂಡು ಒಂದಡಿ ಅಗೆದು ನೋಡಿ. ಬಹಳಷ್ಟು ಹೊಸ ಮನೆಗಳ ಹಿತ್ತಲಲ್ಲಿ ಮೇಲೆ ನಾಲ್ಕಿಂಚು ಕೆಂಪು ಮಣ್ಣು, ಕೆಳಗೆ ಗಾರೆ ಚೂರು, ಸಿಮೆಂಟ್, ಇಟ್ಟಿಗೆ, ಟೈಲ್ಸ್. ಆ ಸುಣ್ಣ, ಸಿಮೆಂಟು ಮಣ್ಣನ್ನು ಕ್ಷಾರ ಮಾಡುತ್ತದೆ. ಒಂದು ಹಿಡಿ ಒಣ ಮಣ್ಣಿನ ಮೇಲೆ ಎರಡು ಚಮಚ ವಿನೆಗರ್ ಸುರಿದು ಕಿವಿ ಹತ್ತಿರ ಹಿಡಿಯಿರಿ. ಚುಯ್ ಅಂತ ಸದ್ದು ಬಂದು ಗುಳ್ಳೆ ಎದ್ದರೆ ಸುಣ್ಣ ಇದೆ ಅಂತಲೇ. ಅಂಥ ಮಣ್ಣಲ್ಲಿ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗದ ಲಕ್ಷಣ ಅದು. ಯೂರಿಯಾ ಹಾಕಿ ಹಾಕಿ ಜನ ಸುಸ್ತಾಗುತ್ತಾರೆ. ಗಾರೆ ಚೂರು ಆರಿಸಿ ತೆಗೆಯುವುದು, ಕಾಂಪೋಸ್ಟ್ ಜಾಸ್ತಿ ಸೇರಿಸುವುದು, ಇಷ್ಟೇ ಶಾಶ್ವತ ಪರಿಹಾರ. ಜಾಸ್ತಿ ಹಾಳಾಗಿದ್ದರೆ ಒಂದಡಿ ಮಣ್ಣು ಬದಲಿಸಿಬಿಡಿ. ಕೆರೆ ಹೂಳು ಸಿಕ್ಕರೆ ಅದರಷ್ಟು ಒಳ್ಳೆಯದು ಬೇರಿಲ್ಲ, ಆದರೆ ಊರಿನ ಚರಂಡಿ ನೀರು ಸೇರುವ ಕೆರೆಯದ್ದು ಬೇಡ.

ಮಡಿ ಕಟ್ಟುವುದರಲ್ಲಿ ನಿಮಗೂ ನಿಮ್ಮಮ್ಮನಿಗೂ ಒಂದೇ ಸಲಹೆ ಕೊಡಲಾರೆ. ನೆಟ್‌ನಲ್ಲಿ ಎಲ್ಲರೂ ಏರುಮಡಿ ಮಾಡಿ ಅಂತಾರೆ. ದಾವಣಗೆರೆಯ ಎರೆ ಮಣ್ಣಿಗೆ ಅದು ಸರಿ. ಎರೆ ಮಣ್ಣು ನೀರು ಬಿಡುವುದಿಲ್ಲ, ಸೆಪ್ಟೆಂಬರ್ ಮಳೆಗೆ ಬೇರು ಕೊಳೆಯುತ್ತದೆ, ಹಾಗಾಗಿ ಎಂಟಿಂಚು ಎತ್ತರಿಸಿ. ಒದ್ದೆ ಇದ್ದಾಗ ಮಾತ್ರ ಕೆಲಸ ಮಾಡಬೇಡಿ, ತುಳಿದರೆ ಇಟ್ಟಿಗೆಯಾಗುತ್ತದೆ. ಚಳ್ಳಕೆರೆಯ ಕೆಂಪು ಮರಳು ಮಣ್ಣಿಗೆ ಏರುಮಡಿ ಮಾಡಿದರೆ ಹಾಕಿದ ನೀರೆಲ್ಲ ನಾಲ್ಕೂ ಕಡೆಯಿಂದ ಆರಿಹೋಗುತ್ತದೆ. ಅಲ್ಲಿ ತಗ್ಗುಮಡಿ ಮಾಡಬೇಕು. ನೆಲಕ್ಕಿಂತ ನಾಲ್ಕೈದು ಇಂಚು ಕೆಳಗೆ, ಸುತ್ತ ಬದು. ಬಿದ್ದ ಮಳೆ ಅಲ್ಲೇ ನಿಲ್ಲುತ್ತದೆ, ಗಾಳಿಯೂ ಬೇರಿಗೆ ತಾಗುವುದಿಲ್ಲ. ಅಮ್ಮನ ಮಣ್ಣು ಕೆಂಪೋ ಕಪ್ಪೋ ನೋಡಿಕೊಂಡು ಹೇಳಿ, ಚಳ್ಳಕೆರೆ ತಾಲ್ಲೂಕಿನಲ್ಲಿ ಎರೆ ಹೊಲಗಳೂ ಇವೆ.

ಗೊಬ್ಬರಕ್ಕೆ ದುಡ್ಡು ಸುರಿಯುವ ಅಗತ್ಯ ನಮ್ಮ ಜಿಲ್ಲೆಗಳಲ್ಲಿ ಇರಬಾರದು. ನೂರಾರು ಕಿಲೋಮೀಟರಿನಿಂದ ಬರುವ ತೆಂಗಿನ ನಾರಿನ ಇಟ್ಟಿಗೆ, ಬಣ್ಣದ ಪೊಟ್ಟಣದ ಎರೆಗೊಬ್ಬರ ತರಿಸಿ ಅದನ್ನು ಸುಸ್ಥಿರ ಕೃಷಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ತವರು ಎಣ್ಣೆ ಮಿಲ್ಲುಗಳ ಊರು. ಶೇಂಗಾ ಹಿಂಡಿಯಲ್ಲಿ ಸಾರಜನಕ ಸುಮಾರು 7 ಪರ್ಸೆಂಟ್, ಕೊಟ್ಟಿಗೆ ಗೊಬ್ಬರದ ಹತ್ತು ಪಟ್ಟಿಗೂ ಮಿಗಿಲು. ಒಂದು ಗಿಡಕ್ಕೆ ತಿಂಗಳಿಗೊಂದು ಸಣ್ಣ ಹಿಡಿ ಸಾಕು. ಮೇಲೆ ಉದುರಿಸಬೇಡಿ, ವಾಸನೆಗೆ ಇಲಿ, ಹೆಗ್ಗಣ, ನಾಯಿ ಎಲ್ಲ ಬಂದು ಬುಡ ಕೆದರುತ್ತವೆ. ಬುಡದಿಂದ ಗೇಣುದೂರ ಎರಡಿಂಚು ಆಳಕ್ಕೆ ಹಾಕಿ ಮುಚ್ಚಿ. ಜೊತೆಗೆ ಅಷ್ಟೇ ಬೇವಿನ ಅಥವಾ ಹೊಂಗೆ ಹಿಂಡಿ ಸೇರಿಸಿದರೆ ಗಂಟು ಬೇರಿಗೂ ಒಳ್ಳೆಯದು.

ಕುರಿ ಗೊಬ್ಬರವೂ ಅಲ್ಲಿ ಧಾರಾಳ. ಆದರೆ ಹಸಿ ಹಿಕ್ಕೆ ನೇರವಾಗಿ ಹಾಕಬೇಡಿ. ಒಂದು, ಬೇರು ಸುಡುತ್ತದೆ. ಎರಡು, ಕುರಿ ತಿಂದ ಬಳ್ಳಾರಿ ಜಾಲಿ ಕಾಯಿಯ ಬೀಜ ಹೊಟ್ಟೆಯಲ್ಲಿ ಜೀರ್ಣವಾಗದೆ ಹಿಕ್ಕೆಯಲ್ಲೇ ಬಂದು, ನಿಮ್ಮ ಕೊತ್ತಂಬರಿ ಮಡಿಯಲ್ಲಿ ಮುಳ್ಳಾಗಿ ಹುಟ್ಟುತ್ತದೆ. ತಮಾಷೆ ಅಲ್ಲ, ಒಂದು ಸಲ ಬೇರು ಬಿಟ್ಟರೆ ಕೀಳುವುದರಲ್ಲಿ ಸಾಕಾಗುತ್ತದೆ. ರಾಶಿ ಹಾಕಿ, ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ಎರಡು ಮೂರು ತಿಂಗಳು ಕಳಿಸಿ. ರಾಶಿ ಬಿಸಿಯಾಗಿ ಆರಿದ ಮೇಲೆ ಬಳಸಿ. ಆಮೇಲೂ ಒಂದೆರಡು ಜಾಲಿ ಮೊಳೆತರೆ ಎರಡೆಲೆ ಇರುವಾಗಲೇ ಕಿತ್ತುಬಿಡಿ.

ಅಡುಗೆಮನೆ ಕಸಕ್ಕೆ ಎರಡಡಿ ಅಗಲ, ಎರಡಡಿ ಆಳದ ಎರಡು ಗುಂಡಿ ಸಾಕು. ಒಂದು ತುಂಬುವಾಗ ಇನ್ನೊಂದು ಕಳಿಯುತ್ತಿರುತ್ತದೆ. ಚಿತ್ರಗಳಲ್ಲಿ ಕಾಣುವ ನೆಲದ ಮೇಲಿನ ರಾಶಿ ನಮ್ಮ ಒಣ ಗಾಳಿಗೆ ಕಳಿಯುವುದಿಲ್ಲ, ಒಣಗಿ ಗರಿಗರಿಯಾಗಿ ಹಾಗೇ ಕೂತಿರುತ್ತದೆ. ನಮಗೆ ತಿಪ್ಪೆಗುಂಡಿಯೇ ಸರಿ. ಪ್ರತಿ ಸಲ ಹಸಿ ಕಸದ ಮೇಲೆ ಅದರ ಎರಡರಷ್ಟು ಒಣ ಎಲೆ ಹಾಕಿ. ಫೆಬ್ರವರಿ-ಮಾರ್ಚ್‌ನಲ್ಲಿ ರಸ್ತೆಬದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ, ಗುಡಿಸಿ ರಸ್ತೆಬದಿಯಲ್ಲೇ ಬೆಂಕಿ ಹಚ್ಚುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸಿಕ್ಕಷ್ಟು ಚೀಲ ತುಂಬಿ ತಂದಿಟ್ಟುಕೊಳ್ಳಿ, ವರ್ಷವಿಡೀ ಬೇಕಾಗುತ್ತದೆ. ರೈಸ್ ಮಿಲ್ಲಿನ ಹೊಟ್ಟಿನ ಬೂದಿ ದಾವಣಗೆರೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ ಅಂತ ಕೆಲವರು ಬುಟ್ಟಿಗಟ್ಟಲೆ ಸುರಿಯುತ್ತಾರೆ. ಬೂದಿ ಕ್ಷಾರ. ನಮ್ಮ ಮಣ್ಣೇ ಕ್ಷಾರ, ನೀರೂ ಗಡುಸು. ಗುಂಡಿಗೆ ವಾರಕ್ಕೊಂದು ಹಿಡಿ ಬಿಟ್ಟರೆ ಜಾಸ್ತಿ ಬೇಡ. ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸುವ ಜೀವಾಮೃತ ಮಾಡುವುದಾದರೆ ಮಾಡಿ, ಹಿತ್ತಲ ಮಣ್ಣಿಗೆ ಒಳ್ಳೆಯದೇ, ಆದರೆ ಕುಂಡದ ಗಿಡ ಅದೊಂದರಿಂದಲೇ ಬದುಕುವುದಿಲ್ಲ. ಅದರಲ್ಲಿ ತಿನ್ನುವ ಅಂಶ ಕಮ್ಮಿ.

ನೀರು. ನಿಜವಾದ ಪ್ರಶ್ನೆ ಇದೇ. ತಿಂಗಳಿಗೆರಡು ಟ್ಯಾಂಕರ್ ತರಿಸಿ ಬೆಳೆದ ಟೊಮೆಟೊ ಸಾವಯವ ಆಗಿರಬಹುದು, ಸುಸ್ಥಿರ ಹೇಗಾಗುತ್ತದೆ?

ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ತಾರಸಿ 900 ಚದರ ಅಡಿ ಅಂತಿಟ್ಟುಕೊಂಡರೆ 84 ಚದರ ಮೀಟರ್ ಆಯಿತು. ವರ್ಷಕ್ಕೆ 600 ಮಿ.ಮೀ. ಮಳೆ ಹಿಡಿದರೆ 50 ಸಾವಿರ ಲೀಟರ್ ಬೀಳುತ್ತದೆ. ಮೊದಲ ಮಳೆಯ ಕೊಳೆ, ಆವಿ ಎಲ್ಲ ಕಳೆದು 40 ಸಾವಿರ ಕೈಗೆ ಸಿಗುತ್ತದೆ. ಈಗ ಅದೆಲ್ಲ ಪೈಪಿನಲ್ಲಿ ಇಳಿದು ಚರಂಡಿಗೆ ಹೋಗುತ್ತಿದೆ. ಬೇಸಿಗೆಯಲ್ಲಿ ಮುಚ್ಚಿಗೆ (ಮಣ್ಣಿನ ಮೇಲೆ ಹಾಸುವ ಒಣ ಹುಲ್ಲು, ಸಿಪ್ಪೆ) ಇರುವ ಮಡಿಗೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಬೇಕು. ಅರ್ಧ ಹಿತ್ತಲು, ಅಂದರೆ 50 ಚದರ ಅಡಿಗೆ, ದಿನಕ್ಕೆ 25 ಲೀಟರ್ ಆಸುಪಾಸು. ತೊಂಬತ್ತು ದಿನಕ್ಕೆ 2,250. ಮಳೆ ನೀರಿಗೆ ಅಂತಲೇ ಮೂರು ಸಾವಿರ ಲೀಟರಿನ ಒಂದು ಟ್ಯಾಂಕ್ ಮೀಸಲಿಟ್ಟು ಅಕ್ಟೋಬರ್ ಮಳೆಯಲ್ಲಿ ತುಂಬಿಸಿದರೆ ಬೇಸಿಗೆ ಕಳೆಯಿತು. ಬಿಗಿಯಾಗಿ ಮುಚ್ಚಳ ಹಾಕಿ, ಕತ್ತಲಿದ್ದರೆ ಪಾಚಿ ಕಟ್ಟುವುದಿಲ್ಲ, ಸೊಳ್ಳೆಯೂ ಮೊಟ್ಟೆ ಇಡುವುದಿಲ್ಲ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ. ಬಂಡೆ ಮೇಲೆ ಬಿದ್ದ ಹನಿಯನ್ನೂ ಬಿಟ್ಟಿಲ್ಲ.

ಬೋರ್ ನೀರಿನ ಆ ಬಿಳಿ ಪುಡಿ ಉಪ್ಪು ಮತ್ತು ಸುಣ್ಣ. ಕುಂಡದಲ್ಲಿ ಅದು ಬೇಗ ಸೇರಿಕೊಳ್ಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವ ಅಭ್ಯಾಸ ಬಿಡಿ. ಕೊಟ್ಟಾಗ ತಳದ ತೂತಿನಿಂದ ಇಳಿಯುವಷ್ಟು ಕೊಡಿ, ಮಳೆ ಬಂದಾಗ ಕುಂಡಗಳನ್ನು ಬಯಲಿಗೆ ಸರಿಸಿ ತೊಳೆಯಲು ಬಿಡಿ. ಬೀನ್ಸ್, ಕ್ಯಾರೆಟ್ ಉಪ್ಪಿಗೆ ಬಹಳ ನಾಜೂಕು, ಅವಕ್ಕೆ ಮಳೆ ನೀರು. ಪಾಲಕ್, ಬೀಟ್‌ರೂಟ್ ತಡೆಯುತ್ತವೆ, ಅವಕ್ಕೆ ಬೋರ್ ನೀರು ನಡೆಯುತ್ತದೆ. ಮನೆಯಲ್ಲಿ ಆರ್‌ಓ ಫಿಲ್ಟರ್ ಇದ್ದರೆ ಅದರ ವೇಸ್ಟ್ ಪೈಪಿನ ನೀರು ಗಿಡಕ್ಕೆ ಬಿಡಬೇಡಿ, ಬೋರಿನ ಉಪ್ಪೆಲ್ಲ ಗಟ್ಟಿಯಾಗಿ ಅದರಲ್ಲೇ ಬಂದಿರುತ್ತದೆ. ನೆಲ ಒರೆಸಿ, ಟಾಯ್ಲೆಟ್ಟಿಗೆ ಹಾಕಿ. ಅಕ್ಕಿ, ತರಕಾರಿ ತೊಳೆದ ನೀರು ನೇರ ಗಿಡಕ್ಕೆ. ಬಟ್ಟೆ ಒಗೆದ ನೀರು ಬಾಳೆಗೆ ಸರಿ, ಸೊಪ್ಪಿನ ಮಡಿಗೆ ಬೇಡ.

ಚಳ್ಳಕೆರೆಗೆ ಇನ್ನೊಂದು ಉಪಾಯ. ಮೆರುಗು ಹಾಕದ ಹೊಸ ಮಣ್ಣಿನ ಮಡಕೆ, ಐದಾರು ಲೀಟರಿನದು, ತಗೊಳ್ಳಿ. ಮೊದಲು ನೀರು ತುಂಬಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಹೊರಮೈ ಬೆವರಿದ್ದರೆ ಸರಿ, ಒಣಗಿದ್ದರೆ ಆ ಮಡಕೆ ಬೇಡ. ಬೆವರುವ ಮಡಕೆಯನ್ನು ಕುತ್ತಿಗೆ ಮಾತ್ರ ಕಾಣುವ ಹಾಗೆ ಹೂತು, ಸುತ್ತ ಒಂದಡಿ ಒಳಗೆ ಹೀರೆ, ಸೌತೆ, ಬದನೆ ನೆಡಿ. ಬಾಯಿಗೆ ಮುಚ್ಚಳ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಮಣ್ಣು ಎಷ್ಟು ಒಣಗುತ್ತದೋ ಮಡಕೆ ಅಷ್ಟೇ ನೀರು ಬಿಡುತ್ತದೆ. ಒಂದೆರಡು ವರ್ಷದಲ್ಲಿ ಗಡುಸು ನೀರಿಗೆ ರಂಧ್ರ ಕಟ್ಟಿಕೊಳ್ಳುತ್ತದೆ, ಆಗ ಬದಲಿಸಿ.

ಮುಚ್ಚಿಗೆ ಅಂದೆ. ಶೇಂಗಾ ಸಿಪ್ಪೆ, ಭತ್ತದ ಹುಲ್ಲು, ಮೆಕ್ಕೆಜೋಳದ ರವದಿ, ಏನು ಸಿಕ್ಕರೂ ಮೂರಿಂಚು ದಪ್ಪ ಹಾಸಿ. ಕೆಂಪು ಮಣ್ಣಲ್ಲಿ ಗೆದ್ದಲು ಬರುತ್ತದೆ ಅಂತ ಜನ ಹೆದರುತ್ತಾರೆ. ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಬಿಟ್ಟು ಹಾಸಿದರೆ ಅದು ಒಣ ಹುಲ್ಲು ತಿಂದುಕೊಂಡಿರುತ್ತದೆ, ಗಿಡದ ತಂಟೆಗೆ ಬರುವುದು ಕಮ್ಮಿ.

ತಾರಸಿ ಬಗ್ಗೆ ಚಿಕ್ಕದಾಗಿ. 20 ಲೀಟರಿನ ಕುಂಡ ನೀರು ಕುಡಿದಾಗ 30 ಕಿಲೋ ಹತ್ತಿರ ತೂಗುತ್ತದೆ. ಸ್ಲ್ಯಾಬಿನ ನಡುವೆ ಗುಂಪು ಹಾಕಬೇಡಿ, ಕೆಳಗೆ ಗೋಡೆ ಇರುವ ಅಂಚಿಗೆ ಇಡಿ, ಇಟ್ಟಿಗೆ ಮೇಲೆ ಎತ್ತಿಡಿ. ಕಪ್ಪು ಗ್ರೋ ಬ್ಯಾಗ್ ಬೇಸಿಗೆಯಲ್ಲಿ ಬೇರು ಬೇಯಿಸುತ್ತದೆ, ಬಿಳಿ ಪೇಂಟ್ ಬಕೆಟ್ ವಾಸಿ. ತಾರಸಿಯನ್ನು ಜೂನ್‌ನಿಂದ ಫೆಬ್ರವರಿ ತನಕ ಬಳಸಿ, ಬೇಸಿಗೆಯಲ್ಲಿ ಕುಂಡಗಳನ್ನು ಕೆಳಗಿಳಿಸಿ ನುಗ್ಗೆ ನೆರಳಿಗೆ ತನ್ನಿ.

ಹುಳಕ್ಕೆ ಬೇವು ಸಾಕು, ಆದರೆ ಬಾಟಲಿ ಎಣ್ಣೆಗಿಂತ ನೀವೇ ಮಾಡಿದ ಬೀಜದ ಕಷಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಜೂನ್-ಜುಲೈಯಲ್ಲಿ ಬೇವಿನ ಹಣ್ಣು ಉದುರುತ್ತದೆ. ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ. ಬೇಕಾದಾಗ 50 ಗ್ರಾಂ ಬೀಜ ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳ್ಳಗೆ ಹಾಲಿನ ಹಾಗೆ ಬರುವವರೆಗೆ ಹಿಂಡಿ. ಚಿಟಿಕೆ ಸೋಪು ಸೇರಿಸಿ. ಹೊಡೆಯುವುದು ಸಂಜೆ, ಎಲೆಯ ಅಡಿಭಾಗಕ್ಕೆ. ಬಿಸಿಲಿಗೆ ಬೇವಿನ ಸತ್ವ ಬೇಗ ಒಡೆದುಹೋಗುತ್ತದೆ. ಹೀರೆ, ಹಾಗಲದ ಕಾಯಿ ಸೊಟ್ಟಗಾಗಿ ಕೊಳೆತರೆ ಅದು ಹಣ್ಣಿನ ನೊಣ. ಹೆಬ್ಬೆರಳು ಗಾತ್ರ ಇರುವಾಗಲೇ ಪೇಪರ್ ಕೊಟ್ಟೆ ಕಟ್ಟಿಬಿಡಿ. ಬದನೆಯ ಬಾಡಿದ ಕುಡಿ ಕಂಡ ದಿನವೇ ಚಿವುಟಿ ಸುಟ್ಟುಬಿಡಿ, ಒಳಗೆ ಕೊರಕ ಹುಳ ಇರುತ್ತದೆ.

ಬೀಜಕ್ಕೂ ಊರಿನ ಹಂಗಿದೆ. ನಮ್ಮಲ್ಲಿ ವರ್ಷದ ದೊಡ್ಡ ಹಗಲೂ ಸುಮಾರು 13 ಗಂಟೆ ಅಷ್ಟೇ. ಆನ್‌ಲೈನ್‌ನಲ್ಲಿ ತರಿಸಿದ ಯುರೋಪಿನ ಈರುಳ್ಳಿ ಬೀಜಕ್ಕೆ 14 ಗಂಟೆಗಿಂತ ಉದ್ದದ ಹಗಲು ಬೇಕು, ಇಲ್ಲಿ ಅದು ಗಡ್ಡೆ ಕಟ್ಟದೆ ಬರೀ ಸೊಪ್ಪಾಗಿ ಉಳಿಯುತ್ತದೆ. ಈರುಳ್ಳಿ ಬೆಳೆಯಲೇಬೇಡಿ ಅನ್ನುತ್ತೇನೆ, ಚಿತ್ರದುರ್ಗ ಜಿಲ್ಲೆಯಲ್ಲಿ ಬೇಕಾದಷ್ಟು ಬೆಳೆಯುತ್ತಾರೆ, ಕೊಂಡು ತಿನ್ನಿ. ನಾಟಿ ಅವರೆ ಇದಕ್ಕೆ ಉಲ್ಟಾ, ಹಗಲು ಚಿಕ್ಕದಾದ ಮೇಲೇ ಹೂ ಬಿಡುತ್ತದೆ. ಬೇಸಿಗೆಯಲ್ಲಿ ಊರಿ ಕಾಯಿ ಬರಲಿಲ್ಲ ಅಂದರೆ ಅದರ ತಪ್ಪಲ್ಲ. ಯಾವಾಗ ಬೇಕಾದರೂ ಅವರೆ ಬೇಕು ಅಂದರೆ ಹೆಬ್ಬಾಳ ಅವರೆ-4 ಅಂಥ ತಳಿ ಕೇಳಿ. ಬೆಂಡೆಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಇರಲಿ, ಹಳದಿ ನಂಜು ತಡೆಯಲೆಂದು ತಂದ ತಳಿ, ಬೀಜವನ್ನೂ ನೀವೇ ಇಟ್ಟುಕೊಳ್ಳಬಹುದು. ಟೊಮೆಟೊದ ಅರ್ಕಾ ರಕ್ಷಕ್ ಎಲೆ ಮುದುಡು ರೋಗ ತಡೆಯುತ್ತದೆ, ಆದರೆ ಹೈಬ್ರಿಡ್, ಬೀಜ ಪ್ರತಿ ಸಲ ಕೊಳ್ಳಬೇಕು. ಬೀಜ, ಮಣ್ಣು ಪರೀಕ್ಷೆಗೆಲ್ಲ ನಿಮಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಅಮ್ಮನಿಗೆ ಹಿರಿಯೂರಿನ ಬಬ್ಬೂರು ಫಾರಂ ಕೃಷಿ ಸಂಶೋಧನಾ ಕೇಂದ್ರ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ವರ್ಷವಿಡೀ ಮನೆಗೆ ಬೇಕಾದಷ್ಟು ಅಂದಿರಲ್ಲ, ಅದು ಆಗುವುದಿಲ್ಲ. 100 ಚದರ ಅಡಿಯಲ್ಲಿ ಸೊಪ್ಪು, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ನುಗ್ಗೆ ಇಷ್ಟಕ್ಕೆ ಪೇಟೆಗೆ ಹೋಗುವುದು ತಪ್ಪುತ್ತದೆ. ಬೆಂಡೆ, ಬದನೆ, ಹೀರೆ ಕಾಲಕ್ಕೆ ತಕ್ಕ ಹಾಗೆ ವಾರಕ್ಕೆರಡು ಮೂರು ಸಲ ಪಲ್ಯಕ್ಕಾಗುತ್ತದೆ. ಜಾಗ ತಿನ್ನುವ ಕೋಸು, ಆಲೂಗಡ್ಡೆ ಕೊಂಡು ತನ್ನಿ.

ಇನ್ನು ಅಮ್ಮನ ಮಂಗ. ಪಟಾಕಿ, ಹುಲಿ ಗೊಂಬೆ, ಸಿಡಿ ತೂಗುಹಾಕುವುದು ಎಲ್ಲ ಒಂದು ವಾರದ ಆಟ, ಆಮೇಲೆ ಅವು ಗೊಂಬೆ ಮೇಲೇ ಕೂರುತ್ತವೆ. ಟೊಮೆಟೊ, ಸೌತೆ, ಮೆಕ್ಕೆಜೋಳ, ಶೇಂಗಾ ಅವಕ್ಕೆ ಪ್ರಾಣ. ಇವನ್ನು ಬೆಳೆಯಲೇಬೇಕು ಅಂದರೆ ಹತ್ತಡಿ ಉದ್ದ, ನಾಲ್ಕಡಿ ಅಗಲದ ಒಂದೇ ಮಡಿಗೆ ಕಬ್ಬಿಣದ ಜಾಲರಿಯ ಗೂಡು ಮಾಡಿಸಿ, ಮೇಲೂ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ. ಪ್ಲಾಸ್ಟಿಕ್ ಬಲೆಯನ್ನು ಹರಿದುಬಿಡುತ್ತವೆ. ಹೊರಗಡೆ ಹಾಗಲ, ಖಾರದ ಮೆಣಸಿನಕಾಯಿ, ಪುಂಡಿ, ಸುವರ್ಣಗಡ್ಡೆ, ಅರಿಶಿನ ಹಾಕಲಿ, ಇವುಗಳ ತಂಟೆಗೆ ಅವು ಬರುವುದು ಅಪರೂಪ. ಪಕ್ಕದ ಮನೆಯವರು ಶನಿವಾರ ಬಾಳೆಹಣ್ಣು ಇಡುತ್ತಿದ್ದರೆ ಮೊದಲು ಅವರ ಹತ್ತಿರ ಮಾತಾಡಲಿ. ಅಲ್ಲಿ ತಿಂದು ಉಳಿದ ಹೊಟ್ಟೆಗೆ ಇವರ ಹಿತ್ತಲಿಗೇ ಬರುತ್ತವೆ.